ಸೂರ್ಯಕಲೆ ಎಣಿಸುವವರಿಗೆ: ವಿಜಯಪುರ ಗುಂಪು

ರವಿವಾರ ಮುಂಜಾನೆ 9ರೊಳಗೆ ಸೂರ್ಯನ ಮೇಲಿನ ಕಪ್ಪು ಕಲೆಗಳ ಎಣಿಕೆ ಮುಗಿಸಿ. ಆಮೇಲೆ ಮಾಳಿಗೆ ಕಾದು, ಬಿಸಿಗಾಳಿ ಎದ್ದು ಬಿಂಬದ ಅಂಚು ಕುದಿಯತೊಡಗುತ್ತದೆ. ಸಣ್ಣ ಕಲೆಗಳು ಮಾಯ.

60 ಮಿ.ಮೀ. ದೂರದರ್ಶಕ, ನಾಭಿದೂರ 700 ಮಿ.ಮೀ. ಇದ್ದರೆ 20 ಮಿ.ಮೀ. ಹೈಗನ್ಸ್ ಐಪೀಸ್ (ಕಣ್ಣಿನ ಬದಿಯ ಮಸೂರ; ಈ ಮಾದರಿಯಲ್ಲಿ ಗಾಜುಗಳನ್ನು ಅಂಟಿಸಿರುವುದಿಲ್ಲ) ಹಾಕಿ. ಅದರಿಂದ ಸುಮಾರು 48 ಸೆಂ.ಮೀ. ಹಿಂದೆ ಬಿಳಿ ಹಾಳೆ ಹಿಡಿದರೆ 15 ಸೆಂ.ಮೀ. ಬಿಂಬ ಬೀಳುತ್ತದೆ. ಅಂಟಿಸಿದ ಗಾಜಿನ ಐಪೀಸ್ ಬೇಡ, ಕಾವಿಗೆ ಅಂಟು ಕೆಡುತ್ತದೆ. ಫೈಂಡರಿಗೆ (ಗುರಿ ಹಿಡಿಯುವ ಪಕ್ಕದ ಪುಟ್ಟ ದೂರದರ್ಶಕ) ಮುಚ್ಚಳ ಕಡ್ಡಾಯ. ಕೊಳವೆಯ ನೆರಳು ಅತಿ ಚಿಕ್ಕದಾದಾಗ ಗುರಿ ಸರಿ. ಕಣ್ಣು ಹಚ್ಚಿ ನೋಡುವ ಮಾತೇ ಇಲ್ಲ; ಐಪೀಸಿಗೆ ತಿರುಪುವ ಕಪ್ಪು ಫಿಲ್ಟರ್ ಡಬ್ಬಿಯಲ್ಲಿ ಬಂದಿದ್ದರೆ ಎಸೆಯಿರಿ, ಕಾದು ಒಡೆಯುತ್ತದೆ.

ಕಲೆಯೋ ಧೂಳೋ? ಐಪೀಸ್ ತಿರುಗಿಸಿ: ಅದರ ಮೇಲಿನ ಧೂಳು ಜೊತೆಗೇ ತಿರುಗುತ್ತದೆ, ಕಲೆ ಕದಲದು. ಗುಂಪುಗಳನ್ನು 10ರಿಂದ ಗುಣಿಸಿ ಒಟ್ಟು ಕಲೆ ಕೂಡಿಸಿ: 3 ಗುಂಪು, 11 ಕಲೆ ಎಂದರೆ ಆ ದಿನದ ಕಲೆಸಂಖ್ಯೆ 41. ಒಂಟಿ ಕಲೆಯೂ ಒಂದು ಗುಂಪೇ. ಲೆಕ್ಕ ತಪ್ಪುವುದು ಬಹುತೇಕ ಇಲ್ಲೇ.

ಸೂರ್ಯನ ಜ್ವಾಲೆಗಳಿಗೆ ಹೈಡ್ರೋಜನ್-ಆಲ್ಫಾ ಫಿಲ್ಟರ್ (ಹೈಡ್ರೋಜನ್ನಿನ ಕೆಂಪು ಬೆಳಕನ್ನಷ್ಟೇ ಬಿಡುವಂಥದ್ದು) ಬೇಕು, ಹಾಳೆಯಲ್ಲಿ ಹುಡುಕಬೇಡಿ. ಧ್ರುವಪ್ರಭೆ (ಸೌರಬಿರುಗಾಳಿಯಿಂದ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಕೇಳುವವರಿಗೆ: 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪೇರಿದ್ದು ನಿಜ, 17 ಡಿಗ್ರಿ ಅಕ್ಷಾಂಶದ ನಮ್ಮೂರಲ್ಲಿ ಅದಕ್ಕಾಗಿ ನಿದ್ದೆಗೆಡಬೇಡಿ.

ಚಿತ್ರ ಕಳಿಸುವಾಗ ತಾರೀಖು, ವೇಳೆ, ಬಿಂಬ ಸರಿಯುವ ಪಶ್ಚಿಮದ ಗುರುತು ಇರಲಿ.