ಬೂಷ್ಟಿಗೊಂದು ಬಿಲ್ಲು

ಸೋಮವಾರಪೇಟೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜು, ಓನರ್ ಬರೆದುಕೊಟ್ಟ ಚೀಟಿಯ ಫೋಟೋ ಎರಡೂ ಬಂತು. ಅಕ್ಕನೂ ಫೋನ್ ಮಾಡಿ ಅರ್ಧ ಗಂಟೆ ಆ ಮನುಷ್ಯನಿಗೆ ಶಾಪ ಹಾಕಿದಳು. 60,000 ಅಡ್ವಾನ್ಸ್ ಕೊಟ್ಟು, ಮಡಿಕೇರಿಯ ಆ ಮನೆಯಲ್ಲಿ ಮೂರು ವರ್ಷ ಒಂದು ದಿನವೂ ಬಾಡಿಗೆ ತಡ ಮಾಡದೆ ಇದ್ದವಳ ಕೈಗೆ 28,300 ಇಟ್ಟು ಕಳಿಸಿದರೆ ಸಿಟ್ಟು ಬಾರದೇ ಇರುತ್ತದೆಯೇ? ಆದರೆ ಆ ಸಿಟ್ಟಿನಲ್ಲಿ ‘ನನ್ನ ಪೂರ್ತಿ ದುಡ್ಡು ವಾಪಸ್ ಕೊಡಿ’ ಎಂದು ಬರೆದುಬಿಟ್ಟೆಯಲ್ಲ, ಅದು ಸರಿಯಾಗಲಿಲ್ಲ. ಪೂರ್ತಿ ದುಡ್ಡು ನಿನಗೆ ಬರಬೇಕಾದ್ದಲ್ಲ.

ಮೊದಲು ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ನೀನು ಹುಟ್ಟುವ ಮುಂಚೆ ನಮ್ಮ ಹಿತ್ತಲ ಕಡೆಯ ಎರಡು ಕೋಣೆಯನ್ನು ಒಬ್ಬ ಮೇಷ್ಟ್ರಿಗೆ ಬಾಡಿಗೆ ಕೊಟ್ಟಿದ್ದೆ. ಅವರು ವರ್ಗವಾಗಿ ಹೊರಟಾಗ ‘ಪೇಂಟಿಂಗ್ ಬಾಬ್ತು’ ಎಂದು 3,000 ಹಿಡಿದುಕೊಂಡೆ. ಜಡಿಮಳೆ. ಕೊಡೆಯಿಂದ ನೀರು ಸೋರುತ್ತಿದ್ದ ಹಾಗೇ ಬಾಗಿಲಲ್ಲಿ ನಿಂತು ಅವರು ಕೇಳಿದ್ದು ಒಂದೇ ಮಾತು: ‘ಆಗಲಿ ಸಾರ್, ಬಣ್ಣದ ಅಂಗಡಿ ರಸೀದಿ ಇದ್ದರೆ ಕೊಡಿ.’ ನಾನು ಬಣ್ಣ ಹೊಡೆಸಿಯೇ ಇರಲಿಲ್ಲ, ಹೊಡೆಸುವ ಯೋಚನೆಯೂ ಇರಲಿಲ್ಲ. ಅವರು ಕೂಗಾಡಿದ್ದರೆ ನಾನೂ ಕೂಗಾಡಿ ದುಡ್ಡು ಉಳಿಸಿಕೊಳ್ಳುತ್ತಿದ್ದೆ. ಮಾರನೇ ದಿನ ಬಸ್‌ಸ್ಟ್ಯಾಂಡಿಗೇ ಹೋಗಿ ಹಣ ಕೊಟ್ಟು ಬಂದೆ. ಇದು ನಿನ್ನ ಅತ್ತೆಗೂ ಗೊತ್ತಿಲ್ಲ.

ಈಗ ಚೀಟಿಗೆ ಬಾ. ಪೇಂಟಿಂಗ್ 12,000, ಗೋಡೆ ವಾಟರ್‌ಪ್ರೂಫಿಂಗ್ 9,000, ಗೀಸರ್ 6,500, ಕ್ಲೀನಿಂಗ್ 3,000, ಕಿಟಕಿ ಗಾಜು 1,200. ಒಟ್ಟು 31,700.

ಗಾಜು ಒಡೆದದ್ದು ನೀನೇ ಎಂದು ನೀನೇ ಬರೆದಿದ್ದೀಯ. ಅದನ್ನು ಬಿಡು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದು ಅಗ್ರಿಮೆಂಟಿನಲ್ಲೇ ಇದೆ, ಎರಡನೇ ಪುಟದ ಕೆಳಗೆ, ನಿನ್ನ ಸಹಿಯ ಮೇಲೆಯೇ. ಹನ್ನೊಂದು ತಿಂಗಳಿಗೊಮ್ಮೆ ಹೊಸ ಅಗ್ರಿಮೆಂಟಿಗೆ ಸಹಿ ಹಾಕುವಾಗ ಒಂದು ಸಲವಾದರೂ ಓದಿದ್ದೆಯಾ? ಅನ್ಯಾಯವೋ ನ್ಯಾಯವೋ, ಬರೆದು ಒಪ್ಪಿದ್ದರ ಮೇಲೆ ಜಗಳಕ್ಕಿಳಿದರೆ ಉಳಿದದ್ದೂ ಸಡಿಲವಾಗುತ್ತದೆ. ಅದನ್ನೂ ಬಿಡು. ಎರಡೂ ಸೇರಿ 13,200 ಹೋಯಿತು. ಉಳಿದ 18,500ಕ್ಕೆ ಮಾತ್ರ ಗಟ್ಟಿಯಾಗಿ ನಿಲ್ಲು.

ಅದರಲ್ಲಿ ನಿಜವಾದ ತಕರಾರು ಗೋಡೆಯದು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಷ್ಟು ಹಿಡಿಯುವ ಊರಿನಲ್ಲಿ ಪಶ್ಚಿಮದ ಗೋಡೆ ಒದ್ದೆಯಾದರೆ ಅದು ಒಳಗೆ ಅಡುಗೆ ಮಾಡಿಕೊಂಡಿದ್ದ ಹುಡುಗಿಯ ತಪ್ಪೇ? 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಇದಕ್ಕೆ ಉತ್ತರವಿದೆ. ಬಾಡಿಗೆದಾರ ಮನೆಯನ್ನು ತಾನು ಬಂದಾಗ ಇದ್ದ ಸ್ಥಿತಿಯಲ್ಲೇ ಬಿಟ್ಟುಕೊಡಬೇಕು, ಆದರೆ ದಿನಬಳಕೆಯ ಸವಕಳಿ ಮತ್ತು ಯಾರೂ ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೆ ಅವನು ಹೊಣೆಯಲ್ಲ. ಕರಾರಿನಲ್ಲಿ ಬೇರೆ ಬರೆದುಕೊಂಡಿದ್ದರೆ ಮಾತು ಬೇರೆ. ಪೇಂಟಿಂಗ್ ಬಿಡು ಎಂದದ್ದು ಅದಕ್ಕೇ. ವಾಟರ್‌ಪ್ರೂಫಿಂಗ್ ಬಗ್ಗೆ ನಿನ್ನ ಅಗ್ರಿಮೆಂಟಿನಲ್ಲಿ ಒಂದಕ್ಷರವೂ ಇಲ್ಲ, ಎರಡು ಸಲ ಓದಿದೆ. ಇನ್ನೊಂದು ನೋಡು: ಬಣ್ಣಕ್ಕೆಂದು ಒಮ್ಮೆ ಹಿಡಿದ ಮೇಲೆ ಅದೇ ಗೋಡೆಗೆ ಮತ್ತೆ 9,000. ಒಂದೇ ಹಸುವನ್ನು ಎರಡು ಸಲ ಮಾರಿದ ಹಾಗಾಯಿತು.

ಮೊದಲ ಮಳೆಗಾಲದಲ್ಲೇ ನೀನು ಗೋಡೆಯ ಫೋಟೋ ತೆಗೆದು ‘ಅಂಕಲ್, ಇಲ್ಲಿ ನೀರು ಇಳಿಯುತ್ತಿದೆ’ ಎಂದು ಕಳಿಸಿದ್ದೆ, ಅವರು ‘ಮಳೆ ನಿಲ್ಲಲಿ, ನೋಡೋಣ’ ಎಂದಿದ್ದರು ಎಂದೆಯಲ್ಲ, ಆ ವಾಟ್ಸಾಪ್ ಚಾಟು ಚಿನ್ನ. ಅಳಿಸಬೇಡ, ಫೋನ್ ಬದಲಾಯಿಸಿದರೂ ಹಳೆಯದನ್ನು ಮಾರಬೇಡ. ತಾರೀಕು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದು ಪ್ರಿಂಟ್ ಮಾಡಿಸು.

ಗೀಸರ್ ನೀನು ಬರುವ ಮುಂಚಿನಿಂದ ಇದ್ದದ್ದು. ಅದಕ್ಕೆ ಹೊಸದರ ಬೆಲೆ ಹಾಕಿದ್ದಾರೆ. ಹಾಳಾದದ್ದು ನಿನ್ನಿಂದ ಎಂದು ಮೆಕ್ಯಾನಿಕ್ ಬರೆದುಕೊಟ್ಟಿದ್ದರೆ ಆ ಚೀಟಿ, ಇಲ್ಲವಾದರೆ ರಿಪೇರಿ ಬಿಲ್ಲು ಕೇಳು. ಕ್ಲೀನಿಂಗ್ ಬಗ್ಗೆ ಹೆಚ್ಚು ಬರೆಯಬೇಡ. ಕೀ ಕೊಡುವ ಮುಂಚೆ ತೆಗೆದ ವಿಡಿಯೋ ಇದೆ ಎಂದರೆ ಸಾಕು.

ಪತ್ರ ಹೀಗಿರಲಿ: ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ನಿಮ್ಮ ಮನೆಯಲ್ಲಿದ್ದೆ, ಇಷ್ಟು ಅಡ್ವಾನ್ಸ್ ಕೊಟ್ಟಿದ್ದೆ, ಇಷ್ಟು ವಾಪಸ್ ಬಂತು. ಪೇಂಟಿಂಗ್, ಗಾಜು ಒಪ್ಪಿದ್ದೇನೆ. ಉಳಿದ ಮೂರು ಬಾಬ್ತಿಗೆ ಬಿಲ್ಲು ಕೊಡಿ, ಇಲ್ಲದಿದ್ದರೆ 18,500 ರೂಪಾಯಿಯನ್ನು ಹದಿನೈದು ದಿನದೊಳಗೆ ನನ್ನ ಖಾತೆಗೆ ಹಾಕಿ. ಅಷ್ಟೇ. ಒಂದು ಪುಟ ದಾಟಬಾರದು. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಅಡ್ವಾನ್ಸ್ ಬೇಡ ಎಂದಿದೆ, ಅದನ್ನು ಹಾಕಲೇ ಎಂದು ಕೇಳಿದ್ದೀಯ. ಬೇಡ. ಅದು ಕೇಂದ್ರ ಕೊಟ್ಟ ಮಾದರಿ, ರಾಜ್ಯ ತನ್ನದಾಗಿಸಿಕೊಂಡರೆ ಮಾತ್ರ ಕಾನೂನು.

ಪತ್ರವನ್ನು ಅಂಚೆಯಲ್ಲೇ ಕಳಿಸು, ಅಕ್ನಾಲೆಜ್‌ಮೆಂಟ್ ಸಹಿತ. ನಮ್ಮ ಹಳೇ ರಿಜಿಸ್ಟರ್ಡ್ ಪೋಸ್ಟನ್ನು 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಸಿಬಿಟ್ಟರು (ನನಗೆ ಈಗಲೂ ಬೇಜಾರೇ). ಮೂವತ್ತು ವರ್ಷ ಕೌಂಟರಿನಲ್ಲಿ ಕೂತವನಿಗೆ ಗೊತ್ತು, ಫೋನಿನಲ್ಲಿ ಹಾರಾಡುವ ಜನ ಅಂಥ ಕವರ್ ಕೈಗೆ ಬಂದರೆ ಅದನ್ನು ಎರಡು ಸಲ ತಿರುಗಿಸಿ ನೋಡಿ, ಪೆನ್ನು ಕೇಳಿ, ಮೆತ್ತಗೆ ಸಹಿ ಹಾಕುತ್ತಾರೆ. ತೆಗೆದುಕೊಳ್ಳುವುದಿಲ್ಲ ಎಂದು ಹಿಂದಿರುಗಿಸಿದರೂ ಚಿಂತೆಯಿಲ್ಲ. ವಿಳಾಸ ಸರಿಯಿದ್ದು ‘ನಿರಾಕರಿಸಿದ್ದಾರೆ’ ಎಂಬ ಷರಾದೊಂದಿಗೆ ವಾಪಸ್ ಬಂದ ಕವರನ್ನು ತಲುಪಿದ ಲೆಕ್ಕಕ್ಕೇ ಹಿಡಿಯುತ್ತಾರೆ. ಒಡೆಯದೆ ಹಾಗೇ ಇಟ್ಟುಕೋ.

ಪೊಲೀಸ್ ಸ್ಟೇಷನ್ನಿಗೆ ಹೋಗಬೇಡ, ಇದು ಸಿವಿಲ್ ವಿಷಯ ಎಂದು ಕಳಿಸಿಬಿಡುತ್ತಾರೆ. ಹದಿನೈದು ದಿನ ಕಳೆದರೂ ಸುದ್ದಿಯಿಲ್ಲದಿದ್ದರೆ ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಅರ್ಜಿ ಕೊಡು. 1987ರ ಕಾಯ್ದೆಯ ಪ್ರಕಾರ ಹೆಣ್ಣುಮಕ್ಕಳಿಗೆ ಆದಾಯ ಎಷ್ಟಿದ್ದರೂ ಅಲ್ಲಿ ಕಾನೂನು ನೆರವು ಉಚಿತ. ಕೇಸು ಹಾಕುವ ಮುಂಚೆಯೇ ಇಬ್ಬರನ್ನೂ ಲೋಕ ಅದಾಲತ್‌ಗೆ ಕರೆಸಬಹುದು. ಅಲ್ಲಿ ರಾಜಿಯಾದರೆ ಅದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ, ಮೇಲ್ಮನವಿಯೂ ಇಲ್ಲ. ಕಡೆಗೆ ದಾವಾ ಹಾಕಲೇಬೇಕಾದರೆ ಮೂರು ವರ್ಷದ ಗಡುವು ಇದೆ. 18,500ಕ್ಕಾಗಿ ಅಷ್ಟು ದೂರ ಹೋಗಬೇಕೇ ಎಂಬುದನ್ನು ಆಗ ಯೋಚಿಸೋಣ. ನನಗಂತೂ ಕವರಿಗೇ ಕೆಲಸವಾಗುತ್ತದೆ ಅನಿಸುತ್ತದೆ.

‘ಮಾವ, ನಿಮಗೆ ಅವರ ಪರಿಚಯ ಇದೆಯಲ್ಲ, ಒಂದು ಫೋನ್ ಮಾಡಿ’ ಎಂದಿದ್ದೀಯ. ಮಾಡುವುದಿಲ್ಲ. ಪರಿಚಯದ ಮೇಲೆ ಹೇಳಿದರೆ ಅವರು ನನ್ನ ಮುಖ ನೋಡಿ ಐದೋ ಆರೋ ಸಾವಿರ ಬಿಸಾಕುತ್ತಾರೆ, ಅಲ್ಲಿಗೆ ನಿನ್ನ ಲೆಕ್ಕ ಮುಗಿಯಿತು. ಸ್ಟೇಟಸ್‌ನಲ್ಲಿ ಅವರ ಹೆಸರು ಹಾಕಿರುವುದನ್ನು ಇವತ್ತೇ ತೆಗೆ. ಮಡಿಕೇರಿ ಎಷ್ಟು ದೊಡ್ಡ ಊರು? ಅವರ ಕಡೆಯವರೂ ನಮ್ಮ ಕಡೆಯವರೂ ನಾಳೆ ಒಂದೇ ಮದುವೆ ಊಟಕ್ಕೆ ಕೂರಬೇಕು.

ಮೈಸೂರಿನ ಹೊಸ ಮನೆಯ ಅಗ್ರಿಮೆಂಟನ್ನು ಸಹಿ ಹಾಕುವ ಮುಂಚೆ ನನಗೆ ಕಳಿಸು. ಈ ಪತ್ರದ ಕರಡೂ ಮೊದಲು ನನ್ನ ಕೈಗೆ ಬರಲಿ, ‘ಮೋಸ’, ‘ಲೂಟಿ’ ಎಂಬ ಪದಗಳಿದ್ದರೆ ನಾನೇ ಹೊಡೆದುಹಾಕುತ್ತೇನೆ. ಹುತ್ತರಿ ಹಬ್ಬಕ್ಕೆ ಬಾ, ಕಾಫಿ ಹಣ್ಣಾಗುತ್ತಿದೆ, ಅತ್ತೆ ಈಗಲೇ ದಿನ ಎಣಿಸುತ್ತಿದ್ದಾಳೆ. ಬಂದಾಗ ಆ ಕಿಟಕಿ ಗಾಜು ಒಡೆದದ್ದು ಹೇಗೆಂದು ಹೇಳು. ಅಕ್ಕನನ್ನು ಕೇಳಿದೆ, ಅವಳಿಗೂ ಗೊತ್ತಿಲ್ಲವಂತೆ.

ನಿನ್ನ
ಮಾವ