ಹೊಗೆ ಕಾಣದ ಅಡುಗೆಮನೆಗೂ ಕಿಂಡಿ ಬೇಕು

ಸಂಪಾದಕರಿಗೆ ನಮಸ್ಕಾರ.

ಮೈಸೂರಿನಲ್ಲಿ ಮನೆಮನೆಗೆ ಹೋಗಿ ಗ್ಯಾಸ್ ಸ್ಟೌ ರಿಪೇರಿ ಮಾಡುವುದು ನನ್ನ ಕಸುಬು. ‘ಉರಿ ಹಳದಿ ಬರ್ತಿದೆ, ಪಾತ್ರೆ ತಳ ಮಸಿ ಹಿಡೀತಿದೆ’ ಎಂದು ಫೋನ್ ಬಂದರೆ ಹೋಗಿ ಬರ್ನರ್ ಬಿಚ್ಚುತ್ತೇನೆ, ಜೆಟ್‌ಗೆ ಪಿನ್ ಹಾಕುತ್ತೇನೆ, ಉಕ್ಕಿದ ಹಾಲಿನ ಕರಕಲು ಕೆರೆದು ತೆಗೆಯುತ್ತೇನೆ. ಕೆಲವು ಸಲ ಪೈಪಿನೊಳಗೆ ಜಿರಳೆಯೂ ಸಿಗುತ್ತದೆ. ಉರಿ ನೀಲಿಗೆ ತಿರುಗಿದರೆ ಮನೆಯವರಿಗೆ ಸಮಾಧಾನ. ನೀಲಿ ಉರಿಯಿಂದಲೂ ಮನೆಯ ಗಾಳಿ ಕೆಡುತ್ತದೆ ಅಂದರೆ ಮಾತ್ರ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅದಕ್ಕೇ ಈ ಪತ್ರ.

ಉರಿ ಹಳದಿ ಅಂದರೆ ಗ್ಯಾಸಿಗೆ ಗಾಳಿ ಸಾಲುತ್ತಿಲ್ಲ ಎಂದರ್ಥ. ಅರೆಬರೆ ಉರಿದು ಮಸಿ, ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿ ಬರುತ್ತವೆ. ಉರಿ ಜೋರಾಗಲಿ ಅಂತ ಜೆಟ್ಟಿನ ತೂತು ದೊಡ್ಡದು ಮಾಡಿಕೊಡುವ ಪುಣ್ಯಾತ್ಮರೂ ನಮ್ಮ ಕಸುಬಿನಲ್ಲಿದ್ದಾರೆ. ಇದೆಲ್ಲ ರಿಪೇರಿಗೆ ಬಗ್ಗುತ್ತದೆ. ನೀಲಿ ಉರಿಯದು ಬೇರೆ ಸಮಾಚಾರ. ಆ ಕಾವಿಗೆ ಗಾಳಿಯಲ್ಲೇ ಇರುವ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ಕೊನೆಗೆ ನೈಟ್ರೋಜನ್ ಡೈಆಕ್ಸೈಡ್ ಆಗುತ್ತದೆ. ಕಣ್ಣಿಗೆ ಕಾಣದು. ಡೀಸೆಲ್ ಗಾಡಿಯ ಹೊಗೆಯಲ್ಲೂ ಇರುವುದು ಇದೇ. ಉಬ್ಬಸದವರಿಗೆ, ಅದರಲ್ಲೂ ಮಕ್ಕಳಿಗೆ ಆಗಿಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಇದರ ವಾರ್ಷಿಕ ಸರಾಸರಿ ಮಿತಿಯನ್ನು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂನಿಂದ 10ಕ್ಕೆ ಇಳಿಸಿತು. ಸ್ಟೌ ಎಷ್ಟೇ ದುಬಾರಿಯದಾಗಲಿ, ಮೆಕ್ಯಾನಿಕ್ ಎಷ್ಟೇ ಕೈಚಳಕದವನಾಗಲಿ, ಇದನ್ನು ಪೂರ್ತಿ ತಪ್ಪಿಸಲಾಗದು. ಹೊರಗೆ ಕಳಿಸಬೇಕು, ಅಷ್ಟೆ.

ಹಾಗಂತ ಸೌದೆ ಒಲೆಗೆ ವಾಪಸ್ ಹೋಗಿ ಎನ್ನುತ್ತಿಲ್ಲ. ನಮ್ಮವ್ವ ನಂಜನಗೂಡಿನ ಕಡೆಯ ಹಳ್ಳಿಯಲ್ಲಿ ಊದುಗೊಳವೆ ಹಿಡಿದು ಕೆಮ್ಮುತ್ತಲೇ ನಮ್ಮನ್ನೆಲ್ಲ ಸಾಕಿದವಳು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರ ಕಡಿಮೆ ಹೊಗೆಯ ಅಸ್ತ್ರ ಒಲೆ, ಆಮೇಲೆ 2016ರಲ್ಲಿ ಬಡವರ ಮನೆಗೆ ಗ್ಯಾಸ್ ಕೊಡುವ ಉಜ್ವಲ, ಇವೆಲ್ಲ ಬಂದದ್ದು ಹೆಂಗಸರ ಪುಣ್ಯ. ಸೌದೆ ಹೊಗೆಯ ಮುಂದೆ ಗ್ಯಾಸು ಎಷ್ಟೋ ವಾಸಿ. ಆದರೆ ಆ ಹಳೇ ಅಡುಗೆಮನೆಗೆ ಗವಾಕ್ಷಿ ಇತ್ತು, ಹೆಂಚಿನ ಸಂದಿಯಿತ್ತು. ಈಗ ಹೊಗೆ ಕಾಣುವುದಿಲ್ಲವಲ್ಲ, ಕಟ್ಟುವವರು ಕಿಂಡಿ ಬಿಡುವುದನ್ನೇ ಬಿಟ್ಟಿದ್ದಾರೆ.

ನಾನು ಹೋಗುವ ಮನೆಗಳಲ್ಲಿ ಅಡುಗೆಮನೆಯ ಕಿಟಕಿ ಎದುರಿಗೆ ಪಕ್ಕದ ಮನೆಯ ಗೋಡೆ ಇರುತ್ತದೆ, ನಡುವೆ ಒಂದು ಕೈ ತೂರುವಷ್ಟು ಜಾಗ. ಯುಟಿಲಿಟಿಗೆ ಗಾಜು ಹಾಕಿ ಮುಚ್ಚಿ ವಾಷಿಂಗ್ ಮೆಷಿನ್ ಇಟ್ಟಿರುತ್ತಾರೆ. ಎಕ್ಸಾಸ್ಟ್ ಫ್ಯಾನು ಜಿಡ್ಡು ಹಿಡಿದು ನಿಂತು ಯಾವ ಕಾಲವಾಯಿತೋ. ಸಂಜೆಯಾದರೆ ಸೊಳ್ಳೆಗೆ ಹೆದರಿ ಕಿಟಕಿ ಹಾಕುತ್ತಾರೆ, ರಾತ್ರಿ ಅಡುಗೆ ಶುರುವಾಗುವುದೂ ಆಗಲೇ. ಮೊನ್ನೆ ಒಂದು ಫ್ಲಾಟಿನಲ್ಲಿ ಉರಿ ಪರೀಕ್ಷೆ ಮಾಡುತ್ತಾ ಬಗ್ಗಿದ್ದೆ, ಬಿಸಿಗಾಳಿ ಬಂದು ನನ್ನ ಹಣೆಗೇ ಬಡಿಯಿತು. ನೋಡಿದರೆ ಪೈಪಿಲ್ಲದ ಚಿಮಣಿ. ಕೆಳಗಿನಿಂದ ಎಳೆದದ್ದನ್ನು ಮೇಲಿನ ಸೀಳಿನಿಂದ ಮನೆಯೊಳಕ್ಕೇ ಬಿಡುತ್ತದೆ. ಅದರ ಇದ್ದಿಲು ಫಿಲ್ಟರು ಜಿಡ್ಡು, ವಾಸನೆಯನ್ನು ಹಿಡಿದೀತು. ಕಾರ್ಬನ್ ಮೊನಾಕ್ಸೈಡನ್ನು ಹಿಡಿಯದು. ‘ಗೋಡೆ ಕೊರೆದರೆ ಎಲಿವೇಶನ್ ಕೆಡುತ್ತೆ ಅಂತ ಅಸೋಸಿಯೇಷನ್‌ನೋರು ಬಿಡ್ಲಿಲ್ಲ’ ಅಂದರು ಆ ಮನೆಯಾಕೆ. ಫ್ರಿಜ್ಜಿನ ಮೇಲೆ ಮಗುವಿಗೆ ಉಬ್ಬಸದ ಔಷಧಿ ಉಸಿರಿನಲ್ಲಿ ಕೊಡುವ ನೆಬ್ಯುಲೈಸರ್ ಇತ್ತು.

ಇನ್ನು ಗ್ಯಾಸ್ ಗೀಸರನ್ನು ಬಚ್ಚಲೊಳಗೇ ಕೂರಿಸಿ ಅಂತ ಕರೆದರೆ ನಾನು ಹೋಗುವುದೇ ಇಲ್ಲ. ಅದರಿಂದ ಆಗುವ ಸಾವುಗಳ ಸುದ್ದಿ ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ.

ಕರೆಂಟಿನ ಇಂಡಕ್ಷನ್ ಒಲೆ ತೊಗೊಳ್ಳೋಣವೇ ಅಂತ ಕೇಳುವವರಿದ್ದಾರೆ. ನನ್ನ ಹೊಟ್ಟೆಗೇ ಕುತ್ತು, ಆದರೂ ತೊಗೊಳ್ಳಿ ಅನ್ನುತ್ತೇನೆ. ಒಗ್ಗರಣೆ ಘಾಟು ಹೇಗೂ ತಪ್ಪದು, ಉರಿಯಿಂದ ಬರುವುದಂತೂ ನಿಲ್ಲುತ್ತದೆ. ಆದರೆ ಪರಿಸರದ ಲೆಕ್ಕ ಅಷ್ಟು ಸಲೀಸಿಲ್ಲ. 14.2 ಕೆ.ಜಿ. ಸಿಲಿಂಡರ್ ಉರಿದರೆ ಸುಮಾರು 42 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅಷ್ಟೇ ಅಡುಗೆಗೆ ಇಂಡಕ್ಷನ್ನಿನಲ್ಲಿ ಹತ್ತಿರ ಹತ್ತಿರ 130 ಯೂನಿಟ್ ಬೇಕು. ಆ ಕರೆಂಟು ರಾಯಚೂರಿನ ಶಕ್ತಿನಗರದ ಕಲ್ಲಿದ್ದಲಿನದಾದರೆ 100 ಕೆ.ಜಿ. ದಾಟುತ್ತದೆ. ಶರಾವತಿಯ ನೀರಿನದೋ ಪಾವಗಡದ ಸೋಲಾರಿನದೋ ಆದರೆ ಚಿಂತೆಯಿಲ್ಲ. ನಾವು ದೋಸೆ ಹುಯ್ಯುವುದು ಬೆಳಿಗ್ಗೆ ಏಳಕ್ಕೆ, ಸಾರು ಕುದಿಸುವುದು ರಾತ್ರಿ ಎಂಟಕ್ಕೆ. ಆಗ ಪಾವಗಡದಲ್ಲಿ ಬಿಸಿಲೆಲ್ಲಿ?

ಜೊತೆಗೆ ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ. ಹಳೇ ಸರಾಸರಿ ಬಳಕೆಯ ಮೇಲೆ ಸ್ವಲ್ಪ ಸೇರಿಸಿ ಉಚಿತ ಕೊಡುತ್ತಾರೆ. ಒಟ್ಟು 200 ಯೂನಿಟ್ ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಆ ಸರಾಸರಿ ತೆಗೆದಾಗ ಗ್ಯಾಸಿನಲ್ಲಿ ಅಡುಗೆ ಮಾಡುತ್ತಿದ್ದವರು ಈಗ ಇಂಡಕ್ಷನ್ನಿಗೆ ಬಂದರೆ ಅವರ ಮೀಟರು ಸಹಜವಾಗಿ ಮೇಲೇರುತ್ತದೆ. ಗ್ಯಾಸ್ ಬಿಡಬೇಡಿ ಅಂತ ಸರ್ಕಾರವೇ ಹೇಳಿದ ಹಾಗಾಯಿತು. ಸೌದೆ, ಗ್ಯಾಸು ಎರಡನ್ನೂ ಬಿಟ್ಟವರಿಗೆ ಆ ಸರಾಸರಿಯನ್ನು ಹೊಸದಾಗಿ ಲೆಕ್ಕ ಹಾಕಲಿ.

ಅದಕ್ಕೆ ಕಾಲ ಹಿಡಿದೀತು. ಕಿಂಡಿಗೆ ಕಾಯಬೇಕಿಲ್ಲ. ಅಡುಗೆಮನೆಯಿಂದ ಬಯಲಿಗೇ ಹೋಗುವ ದಾರಿ ಇದೆಯೇ ಅಂತ ಪ್ಲಾನ್ ಪಾಸ್ ಮಾಡುವಾಗ ಕಾಗದದಲ್ಲೂ, ವಾಸಕ್ಕೆ ಯೋಗ್ಯ ಎನ್ನುವ ಓಸಿ ಪತ್ರ ಕೊಡುವಾಗ ಮನೆಗೇ ಬಂದೂ ಅಧಿಕಾರಿಗಳು ನೋಡಲಿ. ಆರಿಂಚಿನ ಚಿಮಣಿ ಪೈಪಿನಿಂದ ಕಟ್ಟಡದ ಅಂದ ಕೆಡುತ್ತದೆ ಅನ್ನುವ ಅಸೋಸಿಯೇಷನ್‌ನವರು ಹಿಂದಿನ ಗೋಡೆಯಲ್ಲಾದರೂ ಜಾಗ ತೋರಿಸಲಿ.

— ಒಬ್ಬ ಸ್ಟೌ ರಿಪೇರಿಯವ, ಮೈಸೂರು