ಮುಳ್ಳು ಅಲುಗಿದ ಮೇಲೆ

ಉಡುಪಿ

ಚಿ. ಮೇಧಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ರಾತ್ರಿ ಮಂಗಳೂರಿನಿಂದ ನೀನು ಫೋನು ಮಾಡಿ, "ಬ್ಯಾಟರಿ ಇಲ್ಲ, ಏನೂ ಇಲ್ಲ ದೊಡ್ಡಪ್ಪ, ಹರಳಿನ ಪದರಕ್ಕೆ ಲೇಸರ್ ಬಿಟ್ಟ ಕೂಡಲೇ ಕರೆಂಟು ಬಂತು" ಎಂದೆಯಲ್ಲ, ಖುಷಿಯಿಂದ ನನಗೆ ನಿದ್ದೆಯೇ ಹತ್ತಲಿಲ್ಲ. ಬೆಳಗಾಗುವಾಗ ಸ್ವಲ್ಪ ಹೆದರಿಕೆಯೂ ಆಯಿತು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮನೆಯ ಹಂಚಿನ ಮಾಡಿನ ನೆತ್ತಿಗೆ ಬಿದ್ದ ಮಳೆ ಎರಡೂ ಬದಿಗೆ ಸಮನಾಗಿ ಇಳಿಯುತ್ತದೆ. ಕೊಟ್ಟಿಗೆಯದ್ದು ಒಂದೇ ಬದಿಯ ಇಳಿಜಾರು, ನೀರೆಲ್ಲ ತೋಟಕ್ಕೆ. ಸಿಲಿಕಾನ್ ಹರಳು ಮನೆಯ ಮಾಡಿನ ಹಾಗೆ. ಬೆಳಕು ಎಲೆಕ್ಟ್ರಾನುಗಳನ್ನು ಎಬ್ಬಿಸುತ್ತದೆ, ಆದರೆ ಯಾವ ಕಡೆ ಹೋಗಬೇಕೆಂದು ಹರಳು ಹೇಳುವುದಿಲ್ಲ. 1954ರಲ್ಲಿ ಬೆಲ್ ಲ್ಯಾಬ್ಸ್‌ನವರು ಶೇ. 6ರಷ್ಟು ದಕ್ಷತೆಯ ಸೌರಕೋಶ ಮಾಡಿದ್ದು ಪಿ–ಎನ್ ಸಂಧಿಯ, ಅಂದರೆ ಎರಡು ಬಗೆಯ ಸಿಲಿಕಾನ್ ಕೂಡುವ ಗಡಿಯ, ಮೂಲಕ ಆ ಇಳಿಜಾರನ್ನು ಕಟ್ಟಿಯೇ.

ನಿನ್ನ ಮಾಲಿಬ್ಡಿನಮ್ ಡೈಸಲ್ಫೈಡಿನ (ಮಾಲಿಬ್ಡಿನಮ್ ಲೋಹ, ಗಂಧಕ ಸೇರಿದ ಹರಳು) ಒಂಟಿ ಪದರದ ಕತೆ ಬೇರೆ. ದಪ್ಪ ಮೂರು ಪರಮಾಣುಗಳಷ್ಟು, ಒಂದು ನ್ಯಾನೊಮೀಟರಿಗೂ ಕಡಿಮೆ. ಮೇಲಿನಿಂದ ನೋಡಿದರೆ ಪರಮಾಣುಗಳು ತ್ರಿಕೋನವಾಗಿ ಕೂತಿವೆ. ತ್ರಿಕೋನಕ್ಕೆ ತುದಿ ಒಂದು ಕಡೆ, ಬುಡ ಇನ್ನೊಂದು ಕಡೆ. ಧ್ರುವೀಕರಿಸಿದ ಬೆಳಕು, ಅಂದರೆ ಅಲೆಗಳೆಲ್ಲ ಒಂದೇ ನೇರಕ್ಕೆ ಕಂಪಿಸುವ ಬೆಳಕು, ಬಿದ್ದರೆ ಸಂಧಿಯೇ ಇಲ್ಲದೆ ಕರೆಂಟು ಹರಿಯಲು ಆ ಭೇದ ಸಾಕು. ಸಹಜವಾಗಿ ಜೋಡಿದ ಎರಡು ಪದರಗಳಾದರೆ ಒಂದರ ಓರೆಯನ್ನು ಇನ್ನೊಂದು ಅಳಿಸಿಬಿಡುತ್ತದೆ. ಇಷ್ಟು ಚಂದದ ಸಂಗತಿಯನ್ನು ನಾನು ಭೌತಶಾಸ್ತ್ರದಲ್ಲಿ ಹೆಚ್ಚು ಕಂಡಿಲ್ಲ ಮಾರಾಯ್ತಿ.

ಆದರೆ ನಿನ್ನ ಕರೆಂಟು ಅದೇ ಹೌದೋ? ಎಂಎಸ್ಸಿಯಲ್ಲಿ ನಾನು ಹರಳೊಂದಕ್ಕೆ ದೀಪ ಹಿಡಿದು, ಮೀಟರಿನ ಮುಳ್ಳು ಅಲುಗಿದ್ದೇ ತಡ, ರೆಕಾರ್ಡಿನಲ್ಲಿ ಬರೆದುಬಿಟ್ಟಿದ್ದೆ. ನಮ್ಮ ಮೇಷ್ಟ್ರು ಮಾತಾಡದೆ ಹರಳಿನ ಮೇಲೆ ಕಪ್ಪು ಕಾಗದ ಮುಚ್ಚಿದರು. ಮುಳ್ಳು ಆಗಲೂ ಅಲುಗಿತು. ದೀಪದ ಬಿಸಿ ತಂತಿಯ ಬೆಸುಗೆಗೆ ತಾಗಿ ಹುಟ್ಟಿದ ಕರೆಂಟು ಅದು! ಮೂರು ತಿಂಗಳ ಪುಟಗಳನ್ನು ಕಾಟು ಹೊಡೆದೆ.

ಲೇಸರ್ ಬೊಟ್ಟನ್ನು, ತಂತಿ ಕೂಡಿಸುವ ಲೋಹದ ಅಂಚಿನಿಂದ ದೂರ, ಪದರದ ನಡುವಿಗೆ ತಾ. ಅಂಚಿನಲ್ಲಿ ಮಾತ್ರ ಕರೆಂಟು ಬಂದು, ಎದುರಿನ ಅಂಚಿಗೆ ಹೋದಾಗ ದಿಕ್ಕು ತಿರುಗಿದರೆ ಅದು ಲೋಹ ಹರಳಿಗೆ ತಾಗುವ ಸಂಪರ್ಕದ್ದು, ಇಲ್ಲವೇ ಬಿಸಿಯದ್ದು. ಆಮೇಲೆ ಬೆಳಕಿನ ಧ್ರುವೀಕರಣವನ್ನು 90 ಡಿಗ್ರಿ ತಿರುಗಿಸು. ನಿಜವಾಗಿ ಹರಳಿನದ್ದಾದರೆ ಕರೆಂಟು ದಿಕ್ಕು ಬದಲಿಸಲೇಬೇಕು. ಧ್ರುವೀಕರಣವೇ ಇಲ್ಲದ ಬೆಳಕು ನೆಟ್ಟಗೆ ಬಿದ್ದರೆ ಸೊನ್ನೆಯಾಗಬೇಕು.

ಗೈಡಿಗೆ ಹೇಳುವ ಮೊದಲು ಇಷ್ಟು ಮಾಡು. ಸೊನ್ನೆ ಬಂದರೂ ರಾತ್ರಿಯೇ ಫೋನು ಮಾಡು, ನಾನು ಎಚ್ಚರವಿರುತ್ತೇನೆ.

ನಿನ್ನ ದೊಡ್ಡಪ್ಪ